ಮೊದಲಿನ ಪ್ರೀತಿಗೆ ಮರಳುವುದು ಹೇಗೆ: ಭಕ್ತಿ ತಣ್ಣಗಾದ ಕ್ರೈಸ್ತರಿಗೆ ಒಂದು ಮಾರ್ಗದರ್ಶಿ

ಪ್ರಕಟನೆ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಎಫೆಸದ ಸಭೆಗೆ ಬರೆಸಿದ ಓಲೆಯನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಸಭೆಯವರು ಸೋಮಾರಿಗಳಾಗಿರಲಿಲ್ಲ. ಅವರು ದುಡಿದಿದ್ದರು, ತಾಳಿಕೊಂಡಿದ್ದರು, ಅಪೊಸ್ತಲರೆಂದು ಹೇಳಿಕೊಂಡು ಬಂದವರನ್ನು ಪರೀಕ್ಷಿಸಿ ಸುಳ್ಳುಗಾರರೆಂದು ಕಂಡುಕೊಂಡಿದ್ದರು, ಕ್ರಿಸ್ತನ ಹೆಸರಿನ ನಿಮಿತ್ತ ಕಷ್ಟಪಟ್ಟೂ ಬೇಸರಗೊಂಡಿರಲಿಲ್ಲ. ಇಷ್ಟೆಲ್ಲವನ್ನೂ ಒಂದೊಂದಾಗಿ ಹೆಸರಿಸಿ ಮೆಚ್ಚಿದ ಮೇಲೆಯೇ, ಮೊದಲು ನಿನಗಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀ ಎಂಬ ಆಕ್ಷೇಪವನ್ನು ಕರ್ತನು ಎತ್ತುತ್ತಾನೆ.

ಹೀಗಿರುವುದರಿಂದ ಭಕ್ತಿಯ ಕಾವು ಆರಿದವರನ್ನು ಹೊರಗಿನಿಂದ ಗುರುತಿಸುವುದು ಕಷ್ಟ. ಅವರು ಭಾನುವಾರದ ಆರಾಧನೆಗೆ ತಪ್ಪದೆ ಬರುತ್ತಾರೆ, ಗಾಯನ ಮಂಡಳಿಯಲ್ಲಿ ಹಾಡುತ್ತಾರೆ, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತಾರೆ, ಸಭೆಯ ಕಮಿಟಿಯಲ್ಲಿ ಕೂತು ಲೆಕ್ಕಪತ್ರ ನೋಡುತ್ತಾರೆ. ಕೆಲವರು ಪ್ರಸಂಗವನ್ನೂ ಮಾಡುತ್ತಾರೆ. ಒಳಗೆ ಮಾತ್ರ ಪ್ರಾರ್ಥನೆ ಬಾಯಿಪಾಠವಾಗಿರುತ್ತದೆ, ಸತ್ಯವೇದವನ್ನು ತೆರೆದರೆ ಗೊತ್ತಿದ್ದುದನ್ನೇ ಮತ್ತೆ ಓದಿದಂತೆನಿಸುತ್ತದೆ, ಹಾಡಿನ ಸಾಲು ತುಟಿಯಲ್ಲೇ ನಿಲ್ಲುತ್ತದೆ. ಈ ಬರಹ ಅಂಥವರಿಗಾಗಿ.

ಅದೇ ಓಲೆಯಲ್ಲಿ ಪರಿಹಾರವೂ ಇದೆ. ಎಲ್ಲಿಂದ ಬಿದ್ದೆಯೋ ಅದನ್ನು ನೆನಪಿಗೆ ತಂದುಕೋ, ದೇವರ ಕಡೆಗೆ ತಿರುಗಿಕೋ, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು ಎಂಬ ಮೂರು ಆಜ್ಞೆಗಳನ್ನು ಕರ್ತನು ಕೊಡುತ್ತಾನೆ. ಮೊದಲಿನಂತೆ ಭಾವಪರವಶನಾಗು ಎಂದು ಆತನು ಎಲ್ಲಿಯೂ ಹೇಳುವುದಿಲ್ಲ. ಭಾವನೆ ಅಪ್ಪಣೆ ಕೊಟ್ಟರೆ ಬರುವಂಥದ್ದಲ್ಲವೆಂದು ನಮ್ಮನ್ನು ಉಂಟುಮಾಡಿದಾತನಿಗೆ ಚೆನ್ನಾಗಿ ಗೊತ್ತಿದೆ. ಹೃದಯಕ್ಕೆ ಕಾವು ಕೊಡುವುದು ಪವಿತ್ರಾತ್ಮನ ಕೆಲಸ, ಕೃತ್ಯಗಳಿಗೆ ಮರಳುವುದು ನಮ್ಮ ಪಾಲಿನ ಕೆಲಸ. ಈ ಎರಡನ್ನೂ ಅದಲುಬದಲು ಮಾಡಿಕೊಂಡವರು, ಅಂದರೆ ಕಾವನ್ನು ತಾವೇ ಹುಟ್ಟಿಸಲು ಹೊರಟು ಕೃತ್ಯಗಳನ್ನು ದೇವರೇ ಮಾಡಿಸಲಿ ಎಂದು ಕಾದವರು, ವರ್ಷಗಟ್ಟಲೆ ಒಂದು ಉಜ್ಜೀವನ ಕೂಟದಿಂದ ಇನ್ನೊಂದಕ್ಕೆ ಅಲೆದೂ ಇದ್ದಲ್ಲಿಯೇ ಇರುತ್ತಾರೆ.

ಎಫೆಸದವರ ಮೊದಲಿನ ಕೃತ್ಯಗಳು ಯಾವುವು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ 19 ಮತ್ತು 20ನೆಯ ಅಧ್ಯಾಯಗಳನ್ನು ನೋಡಬೇಕು. ನಂಬಿದವರು ಬಂದು ತಮ್ಮ ಕೃತ್ಯಗಳನ್ನು ಎಲ್ಲರ ಮುಂದೆ ಒಪ್ಪಿಕೊಂಡರು. ಮಾಟಮಂತ್ರ ನಡಿಸುತ್ತಿದ್ದವರು 50,000 ಬೆಳ್ಳಿನಾಣ್ಯ ಬೆಲೆಬಾಳುವ ಪುಸ್ತಕಗಳನ್ನು ಮಾರದೆ ಸುಟ್ಟುಹಾಕಿದರು. ತುರನ್ನನ ಶಾಲೆಯಲ್ಲಿ ಪೌಲನು 2 ವರ್ಷ ಪ್ರತಿದಿನ ಮಾತಾಡಿದ್ದನ್ನು ಆ ಊರಿನವರು ಕೇಳಿದರು. ಪೌಲನು ಅವರನ್ನು ಬೀಳ್ಕೊಡುವಾಗ ಸಭೆಯ ಹಿರಿಯರು ಅವನ ಕೊರಳನ್ನು ತಬ್ಬಿಕೊಂಡು ಅತ್ತರು. ಪಾಪನಿವೇದನೆ, ಬೆಲೆ ತೆತ್ತು ಬಿಡುವುದು, ವಾಕ್ಯಕ್ಕೆ ದಿನವೂ ಕಿವಿಗೊಡುವುದು, ಒಬ್ಬರನ್ನೊಬ್ಬರು ಪ್ರೀತಿಸುವುದು ಇವೇ ಅವರ ಮೊದಲಿನ ಕೃತ್ಯಗಳು. ಕೆಳಗಿನ ಸಲಹೆಗಳೆಲ್ಲ ಇವುಗಳ ಸುತ್ತಲೇ ಇವೆ.

ಕಾರಣವನ್ನು ಮೊದಲು ಹುಡುಕಿ

ತಣ್ಣಗಾದ ಭಕ್ತಿಗೆ ಒಂದೇ ಕಾರಣವಿರುವುದಿಲ್ಲ, ಎಲ್ಲರಿಗೂ ಒಂದೇ ಔಷಧಿಯೂ ಆಗುವುದಿಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡು, ಕಾಗದ ಮತ್ತು ಪೆನ್ನು ಹಿಡಿದು, ಯಾವಾಗಿನಿಂದ ಹೀಗಾಯಿತು, ಆ ದಿನಗಳಲ್ಲಿ ಬದುಕಿನಲ್ಲಿ ಏನೇನು ನಡೆಯಿತು ಎಂಬುದನ್ನು ಪ್ರಾರ್ಥನೆಯಿಂದ ಬರೆದುಕೊಳ್ಳಿ. ಮನೆಯಲ್ಲಿ ಸಾವು, ಕೆಲಸದ ಬದಲಾವಣೆ, ಮಗುವಿನ ಜನನ, ದೀರ್ಘ ಕಾಯಿಲೆ, ಯಾರೊಡನೆಯೋ ಮನಸ್ತಾಪ, ಗುಟ್ಟಾಗಿ ಇಟ್ಟುಕೊಂಡ ಒಂದು ಚಟ, ಹೆಗಲ ಮೇಲೆ ಬಿದ್ದ ಹೊಸ ಸಭಾಕಾರ್ಯ, ಇವುಗಳಲ್ಲಿ ಯಾವುದು ನಿಮ್ಮದೆಂದು ನಿಮಗೇ ಕಾಣುತ್ತದೆ.

ದೇಹದ ಆಯಾಸವನ್ನು ಆತ್ಮಿಕ ರೋಗವೆಂದು ತಿಳಿಯುವವರು ಬಹಳ. 1 ಅರಸುಗಳ 19ನೆಯ ಅಧ್ಯಾಯದಲ್ಲಿ ಎಲೀಯನು ಕರ್ಮೆಲ್ ಬೆಟ್ಟದ ಮಹಾ ಜಯದ ನಂತರ ಈಜೆಬೆಲಳಿಗೆ ಹೆದರಿ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ತನಗೆ ಸಾವು ಬರಲಿ ಎಂದು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ, ಪ್ರಸಂಗವನ್ನೂ ಮಾಡಲಿಲ್ಲ. ನಿದ್ರೆ ಮಾಡಲು ಬಿಟ್ಟನು. ದೂತನು ಮುಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲ ಎಬ್ಬಿಸಿ ಉಣಿಸಿದ ಮೇಲೆಯೇ ಹೋರೇಬಿನ ಪ್ರಯಾಣ ಶುರುವಾಯಿತು. ದೇವರ ಮೆಲುಧ್ವನಿ ಅವನಿಗೆ ಕೇಳಿಸಿದ್ದು ಆ ಪ್ರಯಾಣದ ಕೊನೆಗೆ. ನಿದ್ರೆಗೆಟ್ಟ ತಾಯಂದಿರೂ ರಾತ್ರಿ ಪಾಳಿಯಲ್ಲಿ ದುಡಿಯುವವರೂ ರೋಗಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತವರೂ ಮೊದಲು ಇದನ್ನೇ ಓದಬೇಕು. ಅವರಿಗೆ ಒಂದು ವಾರದ ಒಳ್ಳೆಯ ನಿದ್ರೆ ರಾತ್ರಿಯಿಡೀ ನಡೆಯುವ ಜಾಗರಣೆಯ ಪ್ರಾರ್ಥನೆಗಿಂತ ಹೆಚ್ಚು ಉಪಕಾರ ಮಾಡೀತು. ಪ್ರಾರ್ಥನೆಯಲ್ಲಿ ಮಾತ್ರವಲ್ಲದೆ ಊಟ, ಮಾತು, ಮಕ್ಕಳು, ಎಲ್ಲದರಲ್ಲೂ ರುಚಿ ಹೋಗಿ, ಬದುಕೇ ಬೇಡವೆನ್ನಿಸುವ ಸ್ಥಿತಿ ವಾರಗಟ್ಟಲೆ ಉಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಖಿನ್ನತೆಗೆ ಮದ್ದು ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯೆಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಿವಿಗೊಡಬೇಡಿ.

ಮುಚ್ಚಿಟ್ಟ ಪಾಪದ ಕಥೆ ಬೇರೆ. 32ನೆಯ ಕೀರ್ತನೆಯಲ್ಲಿ ದಾವೀದನು ತಾನು ಬಾಯಿಮುಚ್ಚಿಕೊಂಡಿದ್ದಷ್ಟು ಕಾಲ ಎಲುಬುಗಳು ಸವೆದುಹೋದವೆಂದೂ ಬೇಸಿಗೆಯ ಬಿಸಿಲಿಗೆ ಒಣಗಿದಂತೆ ಶರೀರದ ಸಾರವೆಲ್ಲ ಬತ್ತಿತೆಂದೂ ಹೇಳುತ್ತಾನೆ. ಅಂಥವರಿಗೆ ವಿಶ್ರಾಂತಿಯಿಂದ ಗುಣವಾಗುವುದಿಲ್ಲ, ಹೆಚ್ಚು ಸೇವೆಯಿಂದಲೂ ಇಲ್ಲ. ಮನಸ್ಸು ಯಾವ ವಿಷಯದ ಬಳಿ ಬಂದಾಗ ತಟ್ಟನೆ ಪಕ್ಕಕ್ಕೆ ಸರಿಯುತ್ತದೆಯೋ, ಬಹುಮಟ್ಟಿಗೆ ಅಲ್ಲಿಯೇ ಹುಡುಕಬೇಕು.

ಬೇಸರದ ಕಾಲದಲ್ಲಿ ದೊಡ್ಡ ನಿರ್ಧಾರ ಬೇಡ

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿ 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬ ಸನ್ಯಾಸಿ ಭಕ್ತಿಯ ಬೇಸರವನ್ನು ಬಹಳ ಸೂಕ್ಷ್ಮವಾಗಿ ಬಣ್ಣಿಸಿದ್ದಾನೆ. ಬೆಳಿಗ್ಗೆ ಸುಮಾರು 10 ಗಂಟೆಗೆ ಶುರುವಾಗಿ ಮಧ್ಯಾಹ್ನ 2ರವರೆಗೆ ಕಾಡುವ ಈ ಶೋಧನೆಯನ್ನು ಅವನು 91ನೆಯ ಕೀರ್ತನೆಯ ಮಾತಿನ ಆಧಾರದಲ್ಲಿ ನಡುಹಗಲಿನ ದೆವ್ವವೆಂದು ಕರೆದನು. ಸೂರ್ಯ ನಿಂತಲ್ಲೇ ನಿಂತಂತೆನಿಸುತ್ತದೆ. ಸನ್ಯಾಸಿ ಕಿಟಕಿಯ ಕಡೆಗೆ ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಕಾಲವಿದೆಯೆಂದು ಎಣಿಸುತ್ತಾನೆ, ಯಾರಾದರೂ ಮಾತಿಗೆ ಬಂದಾರೇ ಎಂದು ಹೊರಗಿಣುಕುತ್ತಾನೆ. ಆಮೇಲೆ ಈ ಸಹೋದರರಲ್ಲಿ ಪ್ರೀತಿಯೇ ಇಲ್ಲ, ಈ ಜಾಗವೇ ಸರಿಯಿಲ್ಲ, ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದು ಎಂಬ ಯೋಚನೆಗಳು ಒಂದರ ಹಿಂದೊಂದು ಬರುತ್ತವೆ. ಈ ಸಭೆಯಲ್ಲಿ ಅಭಿಷೇಕವಿಲ್ಲ, ಪಾಸ್ಟರ ಬೋಧನೆಯಲ್ಲಿ ಸತ್ವವಿಲ್ಲ, ಆ ಇನ್ನೊಂದು ಸಭೆಗೆ ಸೇರಿಬಿಡೋಣ ಎಂಬ ನಮ್ಮ ಕಾಲದ ಮಾತು ಇದಕ್ಕೆ ಬಹಳ ದೂರದ್ದಲ್ಲ. ಸಭೆ ಬದಲಿಸಲು ನ್ಯಾಯವಾದ ಕಾರಣಗಳು ಇರಬಹುದು. ಆದರೆ ಆ ತೀರ್ಮಾನವನ್ನು ಮನಸ್ಸು ಒಣಗಿರುವಾಗ ಮಾಡಬಾರದು. ಕೋಣೆಯನ್ನು ಬಿಟ್ಟು ಓಡದೆ ಅಲ್ಲಿಯೇ ತಾಳಿಕೊಂಡಿರಬೇಕೆಂಬುದು ಎವಾಗ್ರಿಯಸನ ಸಲಹೆ.

ಯೇಸುಸಭೆ (ಜೆಸುಯಿಟರು) ಎಂಬ ಕಥೋಲಿಕ ಗುರುಗಳ ಸಂಘವನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ (1491–1556) ಇದನ್ನೇ ನಿಯಮವಾಗಿ ಬರೆದಿಟ್ಟರು. ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿದ್ದಾಗ ಕೈಗೊಂಡ ತೀರ್ಮಾನಗಳನ್ನು ಬದಲಿಸಬಾರದು. ಬೇಸರ ಪ್ರಾರ್ಥನೆಯನ್ನು ಮೊಟಕುಗೊಳಿಸಲು ಒತ್ತಾಯಿಸಿದರೆ, ಗೊತ್ತುಮಾಡಿಕೊಂಡ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕು. 15 ನಿಮಿಷವೆಂದು ಗೊತ್ತುಮಾಡಿಕೊಂಡವರು 12ನೆಯ ನಿಮಿಷಕ್ಕೆ ಏಳಬೇಕೆನಿಸಿದ ದಿನ 16 ನಿಮಿಷ ಕೂತು ನೋಡಲಿ.

ನೆನಪಿಗೆ ತಂದುಕೊಳ್ಳಿ, ನಿವೇದಿಸಿ, ರಾಜಿಮಾಡಿಕೊಳ್ಳಿ

ನೀವು ಯೇಸುವನ್ನು ಅರಿತುಕೊಂಡ ದಿನಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬುದನ್ನು ಅದೇ ಕಾಗದದಲ್ಲಿ ಬರೆಯಿರಿ. ಆಗ ಹೇಗೆನಿಸುತ್ತಿತ್ತು ಎಂಬುದಕ್ಕಿಂತ ಏನು ಮಾಡುತ್ತಿದ್ದಿರಿ ಎಂಬುದು ಮುಖ್ಯ. ಬಸ್ಸಿನಲ್ಲಿ ಹೊಸ ಒಡಂಬಡಿಕೆ ಓದುತ್ತಿದ್ದಿರಾ? ಅಜ್ಜಿಯ ಜೊತೆ ಸಂಜೆ ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದಿರಾ? ಕೈಯಲ್ಲಿ ಹಣವಿಲ್ಲದಾಗಲೂ ಕೊಡುತ್ತಿದ್ದಿರಾ? ಪೌಲನು ತಿಮೊಥೆಯನಿಗೆ ದೇವರ ವರವನ್ನು ಮತ್ತೆ ಪ್ರಜ್ವಲಿಸುವಂತೆ ಮಾಡೆಂದು ಬರೆಯುವಾಗ, ಅದಕ್ಕೂ ಮೊದಲು ಅವನ ಅಜ್ಜಿ ಲೋವಿಯ ಮತ್ತು ತಾಯಿ ಯೂನಿಕೆಯ ನಂಬಿಕೆಯನ್ನು ಹೆಸರು ಹಿಡಿದು ನೆನಪಿಸುತ್ತಾನೆ. ನಿಮ್ಮ ನಂಬಿಕೆಗೆ ಕಾರಣರಾದವರು ಬದುಕಿದ್ದರೆ ಒಮ್ಮೆ ಹೋಗಿ ಕಾಣಿರಿ.

ನೆನಪಾದ ಮೇಲೆ ತಿರುಗಿಕೊಳ್ಳುವ ಕೆಲಸ. ಯಾಜಕಕಾಂಡದ 6ನೆಯ ಅಧ್ಯಾಯದಲ್ಲಿ ಯಜ್ಞವೇದಿಯ ಬೆಂಕಿ ಆರಬಾರದೆಂಬ ಆಜ್ಞೆಯನ್ನು ಹಲವರು ಬಲ್ಲರು. ಯಾಜಕನು ದಿನವೂ ಬೆಳಿಗ್ಗೆ ಕಟ್ಟಿಗೆ ಹಾಕುವುದಕ್ಕೆ ಮುಂಚೆ ವೇದಿಯ ಮೇಲಿನ ಬೂದಿಯನ್ನು ತೆಗೆದು, ಬಟ್ಟೆ ಬದಲಿಸಿ, ಪಾಳೆಯದ ಹೊರಗೆ ಒಯ್ದು ಹಾಕಬೇಕೆಂಬ ಮಾತು ಅದಕ್ಕೂ ಹಿಂದಿನ ವಚನಗಳಲ್ಲೇ ಇರುವುದನ್ನು ಗಮನಿಸುವವರು ಕಡಿಮೆ. ನಮ್ಮಲ್ಲಿ ಅನೇಕರು ಬೂದಿಯ ಮೇಲೆಯೇ ಕಟ್ಟಿಗೆ ಒಟ್ಟುತ್ತೇವೆ; ಹಳೆಯದನ್ನು ನಿವೇದಿಸದೆ ಹೊಸ ಉಪವಾಸ, ಹೊಸ ಓದಿನ ಯೋಜನೆ, ಹೊಸ ಹಾಡುಗಳನ್ನು ಸೇರಿಸುತ್ತಾ ಹೋಗುತ್ತೇವೆ.

ನಿವೇದನೆ ನಿರ್ದಿಷ್ಟವಾಗಿರಲಿ. ನಾನು ಪಾಪಿ, ಕ್ಷಮಿಸು ಎಂಬ ಸಾಮಾನ್ಯ ಮಾತಿನಿಂದ ಯಾರಿಗೂ ನಾಚಿಕೆಯಾಗುವುದಿಲ್ಲ, ಬಿಡುಗಡೆಯೂ ಅಷ್ಟಾಗಿ ಸಿಕ್ಕುವುದಿಲ್ಲ. ಇಂಥ ದಿನ ಇಂಥವರಿಗೆ ಈ ಮಾತು ಅಂದೆ, ಇಷ್ಟು ಹಣದ ಲೆಕ್ಕ ಮುಚ್ಚಿಟ್ಟೆ, ರಾತ್ರಿ ಇದನ್ನು ನೋಡಿದೆ ಎಂದು ಹೆಸರು ಹಿಡಿದು ಹೇಳಬೇಕು. ಕಥೋಲಿಕರು ಗುರುಗಳ ಬಳಿ ಪಾಪನಿವೇದನೆಗೆ ಹೋಗಲಿ. ಉಳಿದವರು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವಂತೆ ನಂಬಿಗಸ್ತರಾದ ಒಬ್ಬ ಹಿರಿಯರ ಮುಂದೆ ಹೇಳಿಕೊಂಡು, ಅವರಿಂದ ಪ್ರಾರ್ಥನೆ ಮಾಡಿಸಿಕೊಳ್ಳಲಿ. ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಕೆಲಸ ಬಾಕಿ ಇದ್ದರೆ ಅದನ್ನು ಮುಗಿಸಬೇಕು. ಜಕ್ಕಾಯನು ಆ ಮಾತನ್ನು ಯೇಸುವಿನ ಎದುರಿಗೇ ನಿಂತು ಆಡಿದನು.

ಜನರೊಡನೆ ಇರುವ ಜಗಳ ಇನ್ನೂ ದೊಡ್ಡ ಅಡ್ಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನ ಸಂಗಡ ಒಂದಾಗೆಂದು ಮತ್ತಾಯ 5ರಲ್ಲಿ ಕರ್ತನು ಹೇಳಿದ್ದು ಅಕ್ಷರಶಃ ಪಾಲಿಸಬೇಕಾದ ಕ್ರಮ. ಜರ್ಮನಿಯ ಸ್ಯಾಕ್ಸನಿಯಲ್ಲಿದ್ದ ಹೆರ್ನ್‌ಹುಟ್ ಎಂಬ ಹಳ್ಳಿಯ ಚರಿತ್ರೆ ಇದಕ್ಕೆ ಸಾಕ್ಷಿ. ಹಿಂಸೆಯಿಂದ ಓಡಿಬಂದ ಮೊರೇವಿಯದವರೂ ಬೇರೆ ಬೇರೆ ಸಭಾಪರಂಪರೆಯವರೂ ಕೌಂಟ್ ಜಿನ್ಜೆಂಡಾರ್ಫನ ಜಮೀನಿನಲ್ಲಿ ಒಟ್ಟಿಗೆ ನೆಲೆಸಿದಾಗ ಬೋಧನೆಯ ವಿಷಯದಲ್ಲಿ ತೀವ್ರ ಜಗಳವೆದ್ದಿತು. ಜಿನ್ಜೆಂಡಾರ್ಫನು ಅವರ ನಡುವೆ ಓಡಾಡಿ ಮಾತಾಡಿದನು; 1727ರ ಮೇ 12ರಂದು ಎಲ್ಲರೂ ಒಂದು ಒಡಂಬಡಿಕೆಗೆ ಒಪ್ಪಿದರು. ಅದೇ ವರ್ಷ ಆಗಸ್ಟ್ 13ರಂದು ಪಕ್ಕದ ಬರ್ಥೆಲ್ಸ್‌ಡಾರ್ಫ್ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಅವರು ಪವಿತ್ರಾತ್ಮನ ಬಲವಾದ ಸಂದರ್ಶನವನ್ನು ಕಂಡರು. ತಿಂಗಳ ಕೊನೆಗೆ 24 ಗಂಡಸರೂ 24 ಹೆಂಗಸರೂ ಗಂಟೆ ಗಂಟೆಯ ಪ್ರಾರ್ಥನೆಯನ್ನು ಹಂಚಿಕೊಂಡರು, ಆ ಸರದಿ 100 ವರ್ಷಕ್ಕೂ ಮೀರಿ ನಡೆಯಿತು. ನೂರು ವರ್ಷದ ಪ್ರಾರ್ಥನೆಯನ್ನು ಕೊಂಡಾಡುವವರು ಅದಕ್ಕೆ ಮುಂಚಿನ ಆ ಸಂಧಾನದ ತಿಂಗಳುಗಳನ್ನು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಆಸ್ತಿಯ ವ್ಯಾಜ್ಯದಲ್ಲಿ ಅಣ್ಣನೊಡನೆ ಮಾತು ಬಿಟ್ಟವರಿಗೂ ಕಮಿಟಿಯ ಚುನಾವಣೆಯಲ್ಲಿ ಸೋತು ಮುನಿಸಿಕೊಂಡವರಿಗೂ ಪ್ರಾರ್ಥನೆ ಏಕೆ ಭಾರವಾಗಿದೆ ಎಂಬುದಕ್ಕೆ ಉತ್ತರ ಅಲ್ಲಿದೆ. ಫೋನ್ ಮಾಡಿ, ಇಲ್ಲವೇ ಮನೆಗೆ ಹೋಗಿ. ಅವರು ಒಪ್ಪದಿದ್ದರೂ ನಿಮ್ಮ ಕಡೆಯ ಕೆಲಸ ಮುಗಿದಿರಲಿ.

ಪ್ರಾರ್ಥನೆಗೂ ವಾಕ್ಯಕ್ಕೂ ಮರಳುವ ಕ್ರಮ

ಮನಸ್ಸು ಬಂದಾಗ ಪ್ರಾರ್ಥಿಸೋಣವೆಂದುಕೊಂಡರೆ ಮನಸ್ಸು ಬರುವುದಿಲ್ಲ. ಹೊತ್ತು, ಜಾಗ, ಅವಧಿ ಮೂರನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೆಳಗಿನ ಜಾವವೇ ಆಗಬೇಕೆಂಬ ಕಟ್ಟಳೆಯಿಲ್ಲ; 55ನೆಯ ಕೀರ್ತನೆಯ ಭಕ್ತನು ಸಂಜೆಯೂ ಮುಂಜಾನೆಯೂ ಮಧ್ಯಾಹ್ನವೂ ಪ್ರಾರ್ಥಿಸುತ್ತಾನೆ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲಿನ ಹೊತ್ತು ಒಬ್ಬರಿಗೆ ಅನುಕೂಲ, ಪಾಳಿ ಮುಗಿಸಿ ಬಂದ ಮೇಲಿನ ಹೊತ್ತು ಇನ್ನೊಬ್ಬರಿಗೆ. ಬಹುಕಾಲ ಬಿಟ್ಟವರು ದಿನಕ್ಕೆ 15 ನಿಮಿಷದಿಂದ ಶುರುಮಾಡಲಿ. ಒಂದು ಗಂಟೆಯೆಂದು ಹೊರಟು ನಾಲ್ಕನೆಯ ದಿನಕ್ಕೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಮೊಬೈಲಿನ ಬಗ್ಗೆ ಖಚಿತವಾಗಿ ಒಂದು ಮಾತು ಹೇಳಬೇಕು. ಎದ್ದ ಕೂಡಲೇ ಅದನ್ನು ನೋಡಿದವರ ಮನಸ್ಸಿಗೆ ಪ್ರಾರ್ಥನೆಗೆ ಕೂರುವ ಮುಂಚೆಯೇ ಹತ್ತಾರು ಜನರ ಮಾತು, ಸಿಟ್ಟು, ಸುದ್ದಿ ಹೊಕ್ಕಿರುತ್ತದೆ. ಆ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ. ಸತ್ಯವೇದವನ್ನು ಆ್ಯಪಿನಲ್ಲಿ ಓದುವ ರೂಢಿಯಿದ್ದರೂ ಈ 15 ನಿಮಿಷಕ್ಕೆ ಅಚ್ಚಿನ ಪುಸ್ತಕವನ್ನೇ ಹಿಡಿಯಿರಿ. ದಿನಕ್ಕೊಂದು ವಚನದ ಚಿತ್ರವನ್ನು ವಾಟ್ಸಾಪಿನಲ್ಲಿ ಇತರರಿಗೆ ಕಳಿಸುವುದರಿಂದ ವಾಕ್ಯವನ್ನು ಧ್ಯಾನಿಸಿದಂತೆ ಆಗುವುದಿಲ್ಲ.

ಕೂತ ಮೇಲೆ ಮಾತೇ ಬಾರದಿದ್ದರೆ ಏನು ಮಾಡಬೇಕು? ಇದೇ ಪ್ರಶ್ನೆಯನ್ನು ಮಾರ್ಟಿನ್ ಲೂಥರನ ಕ್ಷೌರಿಕನಾಗಿದ್ದ ಪೀಟರ್ ಎಂಬುವನು ಕೇಳಿದನು. 1535ರಲ್ಲಿ ಲೂಥರನು ಅವನಿಗೆ ಉತ್ತರವನ್ನು ಚಿಕ್ಕ ಪುಸ್ತಕವಾಗಿ ಬರೆದುಕೊಟ್ಟನು. ಬೇರೆ ಕೆಲಸಗಳಿಂದ ತನ್ನ ಮನಸ್ಸು ಪ್ರಾರ್ಥನೆಯಲ್ಲಿ ತಣ್ಣಗಾದಾಗ, ಕೀರ್ತನೆಗಳ ಪುಸ್ತಕವನ್ನು ಹಿಡಿದು ಕೋಣೆಗೆ ಇಲ್ಲವೇ ಜನ ಸೇರಿದ ಚರ್ಚಿಗೆ ಹೋಗಿ, ದಶಾಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಕೆಲವು ವಚನಗಳನ್ನೂ ಮಗುವಿನ ಹಾಗೆ ಮಾತು ಮಾತಾಗಿ ಹೇಳಿಕೊಳ್ಳುತ್ತೇನೆಂದು ಅವನು ಅದರಲ್ಲಿ ಹೇಳುತ್ತಾನೆ. ಯೂರೋಪಿನ ಸಭೆಯನ್ನೇ ಅಲುಗಾಡಿಸಿದವನಿಗೂ ಪ್ರಾರ್ಥನೆ ತಣ್ಣಗಾಗುತ್ತಿತ್ತು ಎಂಬುದು ನಮಗೆ ಸಮಾಧಾನ ಕೊಡುವ ಸಂಗತಿ. ಸ್ವಲ್ಪ ತಾಳು, ಈ ಕೆಲಸ ಮುಗಿಸಿ ಪ್ರಾರ್ಥಿಸೋಣ ಎಂಬ ಯೋಚನೆಯ ಬಗ್ಗೆ ಎಚ್ಚರವಾಗಿರಬೇಕೆಂದೂ ಅವನು ಹೇಳುತ್ತಾನೆ.

ದಶಾಜ್ಞೆಗಳ ಒಂದೊಂದು ಆಜ್ಞೆಯನ್ನೂ ಬೋಧನೆ, ಕೃತಜ್ಞತೆ, ನಿವೇದನೆ, ಬಿನ್ನಹ ಎಂಬ ನಾಲ್ಕು ಎಳೆಗಳಾಗಿ ಬಿಡಿಸಿಕೊಳ್ಳುವ ಕ್ರಮವನ್ನು ಲೂಥರನು ಕಲಿಸಿದನು. ಯಾವ ವಚನಕ್ಕೂ ಇದನ್ನು ಅನ್ವಯಿಸಬಹುದು. 23ನೆಯ ಕೀರ್ತನೆಯ ಮೊದಲ ಸಾಲನ್ನೇ ನೋಡೋಣ: ಯೆಹೋವನು ನನಗೆ ಕುರುಬನು, ಕೊರತೆಪಡೆನು. ಇದು ಕಲಿಸುವುದೇನು? ನನ್ನನ್ನು ನಾನೇ ಕಾಯಬೇಕಾದ ಅನಾಥನಲ್ಲ ನಾನು. ಕೃತಜ್ಞತೆಗೆ, ಈ ವಾರ ಆತನು ನನ್ನನ್ನು ಕಾಪಾಡಿದ ಒಂದು ನಿಜ ಸಂಗತಿಯನ್ನು ಹೆಸರಿಸಬೇಕು. ಎಲ್ಲ ಆಶೀರ್ವಾದಗಳಿಗೂ ಸ್ತೋತ್ರ ಎಂದು ಒಟ್ಟಾಗಿ ಹೇಳಿ ಮುಗಿಸಬಾರದು. ನಿವೇದನೆಗೆ, ಮಗಳ ಫೀಸಿನ ಚಿಂತೆಯಲ್ಲಿ ಕುರುಬನೇ ಇಲ್ಲದವನಂತೆ ರಾತ್ರಿಯೆಲ್ಲ ಹೊರಳಾಡಿದ್ದು ಇರಬಹುದು. ಬಿನ್ನಹ ಇಂದಿನ ದಿನಕ್ಕೆ ಸಂಬಂಧಿಸಿರಲಿ. ಇಷ್ಟಕ್ಕೆ ಹತ್ತು ನಿಮಿಷ ಸಾಲದು. ಇದರ ನಡುವೆ ಹೃದಯ ತಾನಾಗಿ ಮಾತಾಡತೊಡಗಿದರೆ ಕ್ರಮವನ್ನು ಅಲ್ಲಿಗೇ ಬಿಟ್ಟು ಆ ಮಾತಿನ ಹಿಂದೆ ಹೋಗಬೇಕೆಂಬುದೂ ಲೂಥರನದೇ ಸಲಹೆ.

ಓದಿಗೆ ಮೊದಲು ಮಾರ್ಕನ ಸುವಾರ್ತೆಯನ್ನು ತೆಗೆದುಕೊಳ್ಳಿ. 16 ಅಧ್ಯಾಯಗಳು, 16 ದಿನಗಳು. ಗಟ್ಟಿಯಾಗಿ ಓದಿ. ಇಲ್ಲಿ ಯೇಸು ಎಂಥವನಾಗಿ ಕಾಣುತ್ತಾನೆ, ನನ್ನಿಂದ ಏನು ಕೇಳುತ್ತಾನೆ ಎಂಬ ಎರಡೇ ಪ್ರಶ್ನೆಗಳು ಸಾಕು. ಅದಾದ ಮೇಲೆ ಕೀರ್ತನೆಗಳು. ದಿನಕ್ಕೆ 5ರಂತೆ 150ನ್ನೂ 30 ದಿನಗಳಲ್ಲಿ ಮುಗಿಸಬಹುದು. 176 ವಚನಗಳ 119ನೆಯದನ್ನು ಮಾತ್ರ ಹಂಚಿಕೊಳ್ಳಬೇಕಾಗುತ್ತದೆ. ಒಣಗಿದ ಮನಸ್ಸಿಗೆ ಕೀರ್ತನೆಗಳಷ್ಟು ಒಳ್ಳೆಯ ಶಾಲೆ ಇನ್ನೊಂದಿಲ್ಲ, ಏಕೆಂದರೆ ನಾವು ಹೇಳಲು ಹೆದರುವುದನ್ನು ಅವು ದೇವರ ಮುಂದೆಯೇ ಹೇಳುತ್ತವೆ. 42ನೆಯದು ದೇವರಿಗಾಗಿ ಬಾಯಾರುತ್ತದೆ, 51ನೆಯದು ರಕ್ಷಣಾನಂದವನ್ನು ತಿರುಗಿ ಬೇಡುತ್ತದೆ, 88ನೆಯದು ಕೊನೆಯ ಮಾತಿನವರೆಗೂ ಕತ್ತಲೆಯಲ್ಲೇ ಇರುತ್ತದೆ. ಅಂಥದೊಂದು ಮೊರೆಯನ್ನೂ ದೇವರು ತನ್ನ ವಾಕ್ಯದಲ್ಲಿ ಸೇರಿಸಿಟ್ಟಿದ್ದಾನೆ.

ಮನೆಯ ಪ್ರಾರ್ಥನೆಯನ್ನೂ ಮತ್ತೆ ಎತ್ತಿ ನಿಲ್ಲಿಸಬೇಕು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಸರವೂ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಕುಟುಂಬ ಪ್ರಾರ್ಥನೆಯೂ ತಲೆಮಾರುಗಳನ್ನು ಬೆಳೆಸಿದವು; ಟಿ.ವಿ. ಆ ಹೊತ್ತನ್ನು ತೆಗೆದುಕೊಂಡಿತು, ಉಳಿದುದನ್ನು ಮೊಬೈಲ್ ತೆಗೆದುಕೊಂಡಿತು. ಹತ್ತೇ ನಿಮಿಷ ಸಾಕು: ಒಂದು ಹಾಡು, ಮಗುವಿನ ಬಾಯಿಂದ ಒಂದು ಕೀರ್ತನೆ, ಕರ್ತನ ಪ್ರಾರ್ಥನೆ. ಆ ಹೊತ್ತಿನಲ್ಲಿ ಮಕ್ಕಳಿಗೆ ಬುದ್ಧಿ ಹೇಳುವುದು ಬೇಡ.

ಒಬ್ಬರೇ ಮಾಡಬೇಡಿ

ಎಮ್ಮಾಹುವಿನ ದಾರಿಯಲ್ಲಿ ಹೃದಯ ಕುದಿದದ್ದು ಜೊತೆಯಾಗಿ ನಡೆಯುತ್ತಿದ್ದ ಇಬ್ಬರಿಗೆ. ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಇಂಗ್ಲೆಂಡಿನ ಜಾನ್ ವೆಸ್ಲಿಯ ಅನುಭವವೂ ಇಂಥದೇ. ಅಮೆರಿಕದ ಜಾರ್ಜಿಯಾದಲ್ಲಿ ಸೇವೆ ಮಾಡಿ ಸೋತು ಬಂದಿದ್ದ ಅವನು 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಬಹಳ ಮನಸ್ಸಿಲ್ಲದೆ ಹೋದೆನೆಂದು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅಲ್ಲಿ ಯಾರೋ ಒಬ್ಬರು ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಓದುತ್ತಿದ್ದಾಗ, ಸುಮಾರು 8.45ಕ್ಕೆ, ಅವನ ಹೃದಯಕ್ಕೆ ಆ ಬೆಚ್ಚಗಿನ ಭರವಸೆ ಬಂದಿತು. ಮನಸ್ಸಿಲ್ಲದ ಸಂಜೆಯೂ ಕೂಟಕ್ಕೆ ಹೋಗಬೇಕು ಎನ್ನುವುದಕ್ಕೆ ನಾನು ಇದಕ್ಕಿಂತ ಒಳ್ಳೆಯ ಕಾರಣ ಕೊಡಲಾರೆ.

ಮುಂದೆ 1742ರಲ್ಲಿ ಬ್ರಿಸ್ಟಲ್ಲಿನಲ್ಲಿ, ವೆಸ್ಲಿಯ ಸಂಘದ ಪ್ರಾರ್ಥನಾಮಂದಿರದ ಸಾಲ ತೀರಿಸಲು ಸದಸ್ಯರನ್ನು ಸುಮಾರು 12 ಮಂದಿಯ ಗುಂಪುಗಳಾಗಿ ಹಂಚಿ, ವಾರಕ್ಕೊಂದು ಪೆನ್ನಿಯನ್ನು ಸಂಗ್ರಹಿಸುವ ಏರ್ಪಾಡು ಮಾಡಲಾಯಿತು. ಹಣಕ್ಕಾಗಿ ಮನೆಮನೆಗೆ ಹೋದ ಮುಖಂಡರಿಗೆ ಜನರು ನಿಜವಾಗಿ ಹೇಗೆ ಬದುಕುತ್ತಿದ್ದಾರೆಂಬುದು ತಿಳಿಯಿತು. ಸಾಲದ ಏರ್ಪಾಡು ಆತ್ಮಗಳ ಆರೈಕೆಯ ಏರ್ಪಾಡಾಯಿತು. ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಸೇರಿಕೊಂಡವು, ಬೀದರ್ ಕಡೆಯ ಮೆಥಡಿಸ್ಟ್ ಸಭೆಗಳೂ ಅದೇ ಬೇರಿನವು. ಆದ್ದರಿಂದ ಇದು ನಮಗೆ ಪರಕೀಯ ಪದ್ಧತಿಯಲ್ಲ. ನಿಮ್ಮ ಸಭೆಯಲ್ಲಿ ಮೂರು ನಾಲ್ಕು ಜನ, ಗಂಡಸರು ಬೇರೆಯಾಗಿ, ಹೆಂಗಸರು ಬೇರೆಯಾಗಿ, ವಾರಕ್ಕೊಮ್ಮೆ ಒಂದು ಗಂಟೆ ಸೇರಬಹುದು. ಈ ವಾರ ಪ್ರಾರ್ಥಿಸಿದಿರಾ, ಯಾವ ಶೋಧನೆ ಬಂತು, ಯಾರಿಗೆ ಒಳ್ಳೆಯದು ಮಾಡಿದಿರಿ ಎಂಬ ಪ್ರಶ್ನೆಗಳಿಗೆ ಪ್ರತಿಯೊಬ್ಬರೂ ಉತ್ತರಿಸಲಿ, ಉಳಿದವರು ಅವರಿಗಾಗಿ ಪ್ರಾರ್ಥಿಸಲಿ. ಅಲ್ಲಿ ಕೇಳಿದ್ದು ಮನೆಯವರ ಕಿವಿಗೂ ಬೀಳಬಾರದು. ಈ ಒಂದು ನಿಯಮ ಮುರಿದರೆ ಗುಂಪು ಉಳಿಯುವುದಿಲ್ಲ.

ಉಪವಾಸ ಮತ್ತು ಉಪಕಾರ

ಪಂಡಿತಾ ರಮಾಬಾಯಿ 1858ರಲ್ಲಿ ಈಗ ಕರ್ನಾಟಕದಲ್ಲಿರುವ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅದಾಗಿ ಸುಮಾರು 8 ವರ್ಷಗಳ ಮೇಲೆ, ತಮಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಇನ್ನೂ ಸಿಕ್ಕಿಲ್ಲ ಎಂಬುದು ಅರಿವಾಯಿತೆಂದು ಅವರು ತಮ್ಮ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾರೆ. ಆತನನ್ನು ಕಂಡುಕೊಂಡ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1896–97ರ ಮತ್ತು 1900ರ ಕ್ಷಾಮಗಳಲ್ಲಿ ನೂರಾರು ವಿಧವೆಯರನ್ನೂ ಹೆಣ್ಣುಮಕ್ಕಳನ್ನೂ ಕರೆತಂದು ಪುಣೆಯ ಬಳಿಯ ಕೇಡಗಾವಿನ ಮುಕ್ತಿ ಮಿಷನ್ನಿನಲ್ಲಿ ಆಶ್ರಯ ಕೊಟ್ಟರು. 1905ರಲ್ಲಿ ಆ ಹೆಣ್ಣುಮಕ್ಕಳ ನಡುವೆ, ತಿಂಗಳುಗಳ ನಿತ್ಯ ಪ್ರಾರ್ಥನೆಯ ನಂತರ, ದೊಡ್ಡ ಉಜ್ಜೀವನ ಕಾಣಿಸಿಕೊಂಡಿತು. ಹಸಿದವರಿಗೆ ಅನ್ನ ಹಾಕುವ ಮನೆಯಲ್ಲಿ ಆ ಬೆಂಕಿ ಹೊತ್ತಿಕೊಂಡದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ, ಏಕೆಂದರೆ ಯೆಶಾಯ 58ರಲ್ಲಿ ದೇವರು ತನಗೆ ಇಷ್ಟವಾದ ಉಪವಾಸವೆಂದು ಹೇಳುವುದು ಹಸಿದವರಿಗೆ ಅನ್ನ ಹಂಚುವುದನ್ನೂ ಅಲೆಯುವ ಬಡವರನ್ನು ಮನೆಗೆ ಬರಮಾಡಿಕೊಳ್ಳುವುದನ್ನೂ.

ಆದ್ದರಿಂದ ವಾರಕ್ಕೊಂದು ಹೊತ್ತಿನ ಊಟ ಬಿಡುವುದಾದರೆ, ಉಳಿದ ಹಣ ಆ ವಾರವೇ ಯಾರದಾದರೂ ಹೊಟ್ಟೆಗೆ ಸೇರಲಿ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ನಿತ್ಯ ಮಾತ್ರೆ ನುಂಗುವವರು ಊಟ ಬಿಡುವ ಬದಲು ಟಿ.ವಿ.ಯನ್ನೋ ಖರೀದಿಯನ್ನೋ ಬಿಡಬಹುದು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನಗಳು ಇದಕ್ಕೆ ಒಳ್ಳೆಯ ಆರಂಭ.

ಇಷ್ಟಾದರೂ ಒಣಗಿಯೇ ಇದ್ದರೆ

ಕೆಲವರಿಗೆ ಮುಚ್ಚಿಟ್ಟ ಪಾಪವಿಲ್ಲ, ಜಗಳವಿಲ್ಲ, ಆರೋಗ್ಯವೂ ಚೆನ್ನಾಗಿದೆ, ಕೃತ್ಯಗಳೂ ನಡೆಯುತ್ತಿವೆ. ಆದರೂ ತಿಂಗಳುಗಟ್ಟಲೆ ದೇವರು ಮೌನವಾಗಿರುತ್ತಾನೆ. ಸ್ಪೇನಿನ ಸಂತ ಯೊವಾನ್ನ (1542–1591), ಶಿಲುಬೆಯ ಯೊವಾನ್ನರೆಂದು ಹೆಸರಾದವರು, ಈ ಸ್ಥಿತಿಯನ್ನು ಉದಾಸೀನತೆಯಿಂದ ಬೇರ್ಪಡಿಸಲು ಮೂರು ಗುರುತುಗಳನ್ನು ಕೊಟ್ಟರು. ದೇವರ ವಿಷಯಗಳಲ್ಲಿ ರುಚಿ ಇಲ್ಲದಿರುವಂತೆ ಲೋಕದ ವಿಷಯಗಳಲ್ಲೂ ರುಚಿ ಇರುವುದಿಲ್ಲ. ತಾನು ದೇವರನ್ನು ಸರಿಯಾಗಿ ಸೇವಿಸುತ್ತಿಲ್ಲವೆಂಬ ನೋವು ಬಿಡದೆ ಕಾಡುತ್ತದೆ. ಎಷ್ಟು ಪ್ರಯತ್ನಿಸಿದರೂ ಮೊದಲಿನಂತೆ ಧ್ಯಾನಿಸಲಾಗುವುದಿಲ್ಲ. ಉದಾಸೀನನಾದವನಿಗೆ ಆ ಎರಡನೆಯ ನೋವು ಇರುವುದೇ ಇಲ್ಲ. ಈ ಗುರುತುಗಳು ನಿಮ್ಮಲ್ಲಿದ್ದರೆ ದೇವರು ನಿಮ್ಮನ್ನು ಕೈಬಿಟ್ಟಿಲ್ಲ, ರುಚಿಯ ಆಸರೆಯಿಲ್ಲದೆ ತನ್ನನ್ನೇ ಪ್ರೀತಿಸಲು ಕಲಿಸುತ್ತಿದ್ದಾನೆ ಎಂದು ಅವರು ಧೈರ್ಯ ಹೇಳುತ್ತಾರೆ. ಕಲ್ಕತ್ತದ ಮದರ್ ತೆರೇಸಾ (1910–1997) ದಶಕಗಳ ಕಾಲ ಇಂಥ ಕತ್ತಲೆಯಲ್ಲಿದ್ದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಆ ವರ್ಷಗಳಲ್ಲೆಲ್ಲ ಅವರು ಪ್ರಾರ್ಥನೆಯನ್ನೂ ಬಡವರ ಸೇವೆಯನ್ನೂ ಬಿಟ್ಟಿರಲಿಲ್ಲ. ಈ ದಾರಿಯಲ್ಲಿ ಒಬ್ಬರೇ ನಡೆಯಬಾರದು. ಅನುಭವವಿರುವ ಗುರುಗಳನ್ನೋ ಪಾಸ್ಟರನ್ನೋ ತಿಂಗಳಿಗೊಮ್ಮೆಯಾದರೂ ಕಂಡು ಮಾತಾಡಬೇಕು.

ಕಾವು ಮರಳಿದ ದಿನಗಳಿಗೂ ಒಂದು ಎಚ್ಚರಿಕೆ ಬೇಕು. ಹೃದಯ ತುಂಬಿ ಬಂದಾಗ ಅವಸರದ ಹರಕೆಗಳನ್ನು ಹೊರಬಾರದೆಂದು ಇಗ್ನೇಷಿಯಸ್ ತಿಳಿಸಿದ್ದಾರೆ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿಯುತ್ತೇನೆ, ಇನ್ನು ಮೇಲೆ ದಿನಕ್ಕೆ ಮೂರು ಗಂಟೆ ಪ್ರಾರ್ಥಿಸುತ್ತೇನೆ ಎಂದು ಆ ಸಂತೋಷದಲ್ಲಿ ಮಾತು ಕೊಡಬೇಡಿ. ಅಂಥ ಕರೆ ನಿಜವಾಗಿದ್ದರೆ ಆರು ತಿಂಗಳ ನಂತರವೂ ಉಳಿದಿರುತ್ತದೆ. ಅಷ್ಟರಲ್ಲಿ ಮನೆಯವರ ಜೊತೆಗೂ ಸಭೆಯ ಹಿರಿಯರ ಜೊತೆಗೂ ಮಾತಾಡಿ, ನಿಮ್ಮ 15 ನಿಮಿಷವನ್ನು 20ಕ್ಕೆ ಏರಿಸಿಕೊಳ್ಳಿ.